ಪರ್ಷಿಯನ್ ಚಿತ್ರಗಳಲ್ಲಿ ಹೊಳೆ ಯಾಕೆ ಕಪ್ಪು?

ಹಳೆಯ ಪರ್ಷಿಯನ್ ಮಿನಿಯೇಚರ್‌ಗಳನ್ನು, ಅಂದರೆ ಕೈಬರಹದ ಪುಸ್ತಕಗಳಲ್ಲಿ ಬರುವ ಪುಟ್ಟ ಚಿತ್ರಗಳನ್ನು ನೋಡಿದವರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು. ತೋಟ ಚೆಂದ, ಹೂವು ಚೆಂದ, ನಡುವೆ ಹರಿಯುವ ನೀರು ಮಾತ್ರ ಯಾಕೆ ಮಸಿ ಕಪ್ಪು? ದುಃಖದ ಸಂಕೇತ ಇರಬೇಕು ಅಂತ ಕೆಲವರು ತಾವೇ ಉತ್ತರವನ್ನೂ ಹೇಳಿಬಿಡುತ್ತಾರೆ. ಅದು ಬೆಳ್ಳಿ. ಹೆರಾತ್, ತಬ್ರೀಜ್, ಶಿರಾಜ್‌ನ ಚಿತ್ರಕಾರರು ನೀರು ಹೊಳೆಯಲಿ ಅಂತ ಬೆಳ್ಳಿಯನ್ನು ನುಣ್ಣಗೆ ಅರೆದು, ಗೋಂದಿನಲ್ಲಿ ಕಲಸಿ ಹಚ್ಚುತ್ತಿದ್ದರು. ಗಾಳಿಯಲ್ಲಿರುವ ಗಂಧಕದ ಅನಿಲ ತಾಗಿ ಅದು ಕಪ್ಪಾಗಿದೆ, ಮನೆಯ ಬೆಳ್ಳಿ ಲೋಟ ಕಪ್ಪಾಗುವ ಹಾಗೆಯೇ. ಲೋಟವನ್ನು ತಿಕ್ಕಿ ಬೆಳಗಬಹುದು. ಚಿತ್ರದ ಪದರ ಎಷ್ಟು ತೆಳು ಅಂದರೆ, ತಿಕ್ಕಿದರೆ ಹೊಳೆಯೇ ಕಾಗದದಿಂದ ಎದ್ದು ಹೋಗುತ್ತದೆ.

ಮುಖಗಳ ಮೇಲಿನ ಕಪ್ಪು ಕಲೆಗಳೂ ಹೀಗೆಯೇ. ಅಲ್ಲಿ ಹಚ್ಚಿದ್ದು ಸೀಸದ ಬಿಳಿ, ಅದಕ್ಕೂ ಗಂಧಕ ಆಗಿಬರುವುದಿಲ್ಲ. ಅಫ್ಘಾನಿಸ್ತಾನದ ಬದಖ್ಶಾನದ ಗಣಿಯಿಂದ ಬಂದ ಲಾಜವರ್ದ ಎಂಬ ನೀಲಿ ಕಲ್ಲಿನ ಬಣ್ಣ ಮಾತ್ರ ಇವತ್ತಿಗೂ ಹೊಸದರಂತಿರುತ್ತದೆ. ಅದಕ್ಕೇ ನಾನು ಹೇಳುವುದು: ಬಣ್ಣಕ್ಕೆ ಅರ್ಥ ಹಚ್ಚುವ ಮೊದಲು ಅದು ಯಾವ ವಸ್ತು ಅಂತ ನೋಡಿ.

ನನ್ನ ಕೆಲಸದಲ್ಲಿ ನಿಜವಾಗಿ ಭಯ ಹುಟ್ಟಿಸುವುದು ಹಸಿರು. ತಾಮ್ರದ ತಗಡಿಗೆ ವಿನೆಗರಿನ ಆವಿ ತಾಗಿಸಿ, ಮೇಲೆ ಕಟ್ಟುವ ಕಿಲುಬನ್ನು ಕೆರೆದು ಮಾಡುತ್ತಿದ್ದ ಬಣ್ಣ ಅದು, ಪರ್ಷಿಯನ್ನಿನಲ್ಲಿ ಝಂಗಾರ್. ಅದರಲ್ಲಿರುವ ತಾಮ್ರ ಕಾಗದದ ನಾರನ್ನು ನಿಧಾನವಾಗಿ ತಿನ್ನುತ್ತದೆ. ಮೊದಲು ಹಾಳೆಯ ಹಿಂಬದಿಯಲ್ಲಿ ಕಂದು ಕಲೆ, ಆಮೇಲೆ ಬಿರುಕು. ಚಿತ್ರದ ಸುತ್ತ ಇದೇ ಹಸಿರಿನ ಚೌಕಟ್ಟು ಗೆರೆ ಎಳೆದಿದ್ದರೆ, ಕಾಗದ ಆ ಗೆರೆಯುದ್ದಕ್ಕೂ ಕತ್ತರಿಸಿದಂತಾಗಿ ಇಡೀ ಚಿತ್ರ ಅಂಚಿನಿಂದ ಕಳಚಿಕೊಳ್ಳುತ್ತದೆ.

ಆದರೆ ಎಲ್ಲ ಹಸಿರೂ ಹೀಗೆ ಕಾಗದವನ್ನು ಸುಡುವುದಿಲ್ಲ, ಈ ವಿಷಯದಲ್ಲಿ ನನಗೆ ತುಂಬಾ ಇಷ್ಟವಾಗುವ ಸಂಗತಿ ಇದೇ. ಹಳೆಯ ಪರ್ಷಿಯನ್ ಬರಹಗಳಲ್ಲಿ ಝಂಗಾರ್‌ಗೆ ಸ್ವಲ್ಪ ಕೇಸರಿ ಸೇರಿಸಿ ಅಂತ ಇದೆ. ಹಳದಿ ಬೆರೆತರೆ ಹಸಿರು ಎಳೆ ಹುಲ್ಲಿನ ಕಡೆ ತಿರುಗುತ್ತದೆ, ಹಾಗಾಗಿ ಸುಮ್ನೆ ಛಾಯೆಗೋಸ್ಕರ ಅಂದುಕೊಳ್ಳುವುದು ಸಹಜ. ಇರಾನಿ ಸಂಶೋಧಕಿ ಮಂದಾನಾ ಬರ್ಕೆಶ್ಲಿ ಇದನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಕೇಸರಿ ಆಮ್ಲೀಯತೆಯನ್ನು ತಡೆಹಿಡಿದು ಕಾಗದವನ್ನು ಕಾಪಾಡುತ್ತದೆ ಅಂತ ತೋರಿಸಿದರು. ಆ ಚಿತ್ರಕಾರರಿಗೆ ರಸಾಯನಶಾಸ್ತ್ರದ ಸೂತ್ರ ಗೊತ್ತಿರಲಿಲ್ಲ ನಿಜ, ಆದರೆ ಯಾವ ಹಾಳೆ ಉಳಿಯಿತು, ಯಾವುದು ಸುಟ್ಟಿತು ಅನ್ನುವುದನ್ನು ಅವರು ಕಣ್ಣಾರೆ ಕಂಡಿರಬಹುದು ಅಲ್ವಾ?

ಈಗ ಬಣ್ಣವನ್ನು ಕೆರೆಯದೆಯೇ ಪರೀಕ್ಷಿಸಬಹುದು. ಎಕ್ಸ್‌ರೇ ಫ್ಲೋರೆಸೆನ್ಸ್ ಅನ್ನುವ ವಿಧಾನ ಎಕ್ಸ್‌ರೇ ಹಾಯಿಸಿ ತಾಮ್ರ ಇದೆಯೇ ಅಂತ ಹೇಳುತ್ತದೆ, ರಾಮನ್ ಉಪಕರಣ ಎಷ್ಟೋ ಬಣ್ಣಗಳನ್ನು ಲೇಸರ್ ಬೆಳಕಿನಿಂದಲೇ ಗುರುತಿಸುತ್ತದೆ.

ಬೀದರ್, ವಿಜಯಪುರದ ಕಡೆ ನಿಮ್ಮ ಮನೆಯಲ್ಲಿ ಪರ್ಷಿಯನ್ ಕೈಬರಹದ ಪುಸ್ತಕ ಇದ್ದು, ಅದರಲ್ಲಿ ಹಸಿರು ಗೆರೆ ಕಂಡರೆ ದಯವಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ನೀರು ತಾಗಿದರೆ ತಾಮ್ರ ಅಕ್ಕಪಕ್ಕದ ಕಾಗದಕ್ಕೂ ಹರಡುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಪುಟಗಳನ್ನು ಮಡಿಸದೆ, ತೇವ ಇಲ್ಲದ ಕಡೆ ಇಟ್ಟು, ಕಾಗದ ಸಂರಕ್ಷಣೆ ಬಲ್ಲವರಿಗೆ ತೋರಿಸಿ.