ಗಾಜಿನ ಕುಲುಮೆಯ ತಳದ ಗಸಿ: ಉಪಕರಣ ಒಳಗೆ ಹೋಗುವ ಮುಂಚೆ ಹೊರಬರುವ ದಾರಿ

ಅಣುಸ್ಥಾವರದಲ್ಲಿ ಬಳಸಿದ ಇಂಧನವನ್ನು ಆಮ್ಲದಲ್ಲಿ ಕರಗಿಸಿ ಯುರೇನಿಯಂ, ಪ್ಲುಟೋನಿಯಂ ತೆಗೆದ ಮೇಲೆ ಒಂದು ದ್ರವ ಉಳಿಯುತ್ತದೆ. ವಿಕಿರಣದ ದೊಡ್ಡ ಪಾಲು ಅದರಲ್ಲೇ ಇರುತ್ತದೆ. ಅದನ್ನು ಬೊರೋಸಿಲಿಕೇಟ್ ಗಾಜಿನ ಜೊತೆ ಸುಮಾರು 1100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿ, ಸ್ಟೀಲ್ ಡಬ್ಬಿಗಳಿಗೆ ಸುರಿದು ಗಟ್ಟಿ ಮಾಡುತ್ತಾರೆ. ಬಹುತೇಕ ಧಾತುಗಳು ಗಾಜಿನಲ್ಲಿ ಬೆರೆಯುತ್ತವೆ. ರುಥೇನಿಯಂ, ರೋಡಿಯಂ, ಪಲ್ಲಾಡಿಯಂ ಮಾತ್ರ ಬೆರೆಯುವುದೇ ಇಲ್ಲ ಅನ್ನಬಹುದು. ಗಾಜಿಗಿಂತ ಭಾರವಾದ ಇವು ನಿಧಾನವಾಗಿ ಇಳಿದು ತಳದಲ್ಲಿ ಗಸಿಯಾಗಿ ಕೂರುತ್ತವೆ.

ಈ ಗಸಿ ಎರಡು ರೀತಿ ಕಾಡುತ್ತದೆ. ಮೊದಲನೆಯದು, ಅದು ಸೇರಿದ ಗಾಜು ಅಂಟಂಟಾಗಿ ಕೆಳಗಿನ ತೂತಿನಿಂದ ಸರಿಯಾಗಿ ಇಳಿಯುವುದಿಲ್ಲ. ಎರಡನೆಯದು ಇನ್ನೂ ಕೆಟ್ಟದ್ದು. ಈ ಬಗೆಯ ಕುಲುಮೆಯಲ್ಲಿ ಕರಗಿದ ಗಾಜಿನ ಮೂಲಕವೇ ಕರೆಂಟ್ ಹರಿಸಿ ಬಿಸಿ ಮಾಡುತ್ತಾರೆ. ಲೋಹದ ಗಸಿಯಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ. ಹಾಗಾಗಿ ಕರೆಂಟ್ ಗಾಜನ್ನು ಬಿಟ್ಟು ತಳದ ದಾರಿ ಹಿಡಿಯುತ್ತದೆ. ಮೇಲೆ ಗಾಜು ಸಾಕಷ್ಟು ಬಿಸಿಯಾಗುವುದಿಲ್ಲ, ಕೆಳಗೆ ಕರೆಂಟ್ ಹಾಯಿಸುವ ಎಲೆಕ್ಟ್ರೋಡ್ ಹಾಳಾಗುತ್ತದೆ. ಬೆಲ್ಜಿಯಂನ ಮೋಲ್‌ನಲ್ಲಿ 1985ರಲ್ಲಿ ಶುರುವಾದ ಪಮೇಲಾ ಘಟಕದ ಮೊದಲ ಕುಲುಮೆಗೆ ಚಪ್ಪಟೆ ತಳವಿತ್ತು. ಈ ತೊಂದರೆ ಅಲ್ಲಿ ಚೆನ್ನಾಗಿಯೇ ಕಾಣಿಸಿಕೊಂಡಿತು.

ಹಾಗಾದರೆ ಕೆರೆದು ತೆಗೆದರಾಯಿತು, ಅಲ್ವಾ? ಆದರೆ ಕುಲುಮೆ ಇರುವುದು ಹಾಟ್ ಸೆಲ್ ಎನ್ನುವ, ದಪ್ಪ ಕಾಂಕ್ರೀಟ್ ಗೋಡೆಯ ಮುಚ್ಚಿದ ಕೋಣೆಯಲ್ಲಿ. ಹೊಸದಾಗಿ ತುಂಬಿದ ಗಾಜಿನ ಡಬ್ಬಿಯ ಪಕ್ಕ ಮರೆಯಿಲ್ಲದೆ ಒಂದು ನಿಮಿಷ ನಿಂತರೂ ಜೀವ ಉಳಿಯುವುದಿಲ್ಲ. ಒಳಗಿನ ಕೆಲಸವೆಲ್ಲ ಕ್ರೇನ್, ಮ್ಯಾನಿಪ್ಯುಲೇಟರ್ (ಹೊರಗಿನಿಂದ ನಡೆಸುವ ಯಂತ್ರದ ಕೈ), ಕ್ಯಾಮೆರಾಗಳಿಂದಲೇ ಆಗಬೇಕು.

ಬಳಸಿದ ಇಂಧನವನ್ನು ಸಂಸ್ಕರಿಸುವ ಜಪಾನಿನ ರೊಕ್ಕಾಶೋ ಘಟಕದಲ್ಲಿ ನಡೆದದ್ದನ್ನು ಈ ಕ್ಷೇತ್ರದ ಪ್ರತಿ ವಿನ್ಯಾಸಕಾರರೂ ಓದಬೇಕು. ಅಲ್ಲಿ ನಿಜವಾದ ತ್ಯಾಜ್ಯದ ಜೊತೆ ಪರೀಕ್ಷೆ ಶುರುವಾಗಿದ್ದು 2007ರಲ್ಲಿ. ತಳದಲ್ಲಿ ಗಸಿ ಕೂತು ಗಾಜು ಇಳಿಯದಾದಾಗ ಮೇಲಿನಿಂದ ಸಲಾಕೆ ಇಳಿಸಿ ಕದಡಿದರು. 2008ರ ಕೊನೆಯಲ್ಲಿ ನೋಡಿದರೆ ಸಲಾಕೆ ಬಗ್ಗಿತ್ತು. ಕುಲುಮೆಯ ಚಾವಣಿಯ ಇಟ್ಟಿಗೆಯೊಂದು ಒಳಗೆ ಬಿದ್ದಿತ್ತು. 2009ರ ಜನವರಿಯಲ್ಲಿ ಸೆಲ್ ಒಳಗೇ ಸುಮಾರು 150 ಲೀಟರ್ ತ್ಯಾಜ್ಯದ್ರವ ಸೋರಿತು, ಅದನ್ನು ತೊಳೆಯುವುದೇ ಮತ್ತೊಂದು ದೊಡ್ಡ ಕೆಲಸವಾಯಿತು. ಆ ಇಟ್ಟಿಗೆ ಹೊರಗೆ ಬಂದದ್ದು 2010ರಲ್ಲಿ.

ದೂರದಿಂದ ನಡೆಸುವ ಉಪಕರಣಗಳ ವಿನ್ಯಾಸ ಮಾಡುವ ನನಗೆ ಇದರಲ್ಲಿ ಕಾಣುವುದು ಒಂದೇ ಪ್ರಶ್ನೆ: ಸಿಕ್ಕಿಕೊಂಡರೆ ಹೊರಗೆ ತರುವುದು ಹೇಗೆ? ಬಾವಿಗೆ ಬಿದ್ದ ಕೊಡ ಎತ್ತಲು ಇಳಿಬಿಟ್ಟ ಪಾತಾಳಗರಡಿ ತಾನೇ ಸಿಕ್ಕಿಕೊಂಡರೆ ಒಬ್ಬರು ಬಾವಿಗೆ ಇಳಿಯಬಹುದು. ಇಲ್ಲಿ ಇಳಿಯುವವರಿಲ್ಲ. ಹಾಗಾಗಿ ನಾನು ಕೆರೆಯುವ ತುದಿಯನ್ನು ಮೊದಲು ಬರೆಯುವುದಿಲ್ಲ, ಹೊರತೆಗೆಯುವ ಕ್ರಮವನ್ನು ಬರೆಯುತ್ತೇನೆ.

ಸಲಾಕೆಯನ್ನೇ ತೆಗೆದುಕೊಳ್ಳಿ. ಉದ್ದದ, ತೆಳ್ಳಗಿನ ಕಂಬಿ ಎಳೆತವನ್ನು ಚೆನ್ನಾಗಿ ತಡೆಯುತ್ತದೆ. ಒತ್ತಿದರೆ ಬಾಗುತ್ತದೆ. ಸಾವಿರ ಡಿಗ್ರಿ ದಾಟಿದ ಗಾಜಿನಲ್ಲಿ ಉಕ್ಕು ಮೊದಲೇ ಮೆತ್ತಗಾಗಿರುತ್ತದೆ. ಬಗ್ಗಿದ ಸಲಾಕೆ ತಾನು ಇಳಿದ ತೂತಿನಲ್ಲಿ ವಾಪಸ್ ಬರುವುದಿಲ್ಲ. ಅದಕ್ಕೇ ಒತ್ತುವ ಉಪಕರಣಕ್ಕಿಂತ ತಿರುಗುವ ಅಥವಾ ಮೇಲಕ್ಕೆ ಎಳೆದು ಕೆರೆಯುವ ಉಪಕರಣ ಮೇಲು. ಇಂತಿಷ್ಟು ಬಲಕ್ಕೆ ಮುರಿಯುವ ಒಂದು ಪಿನ್ ಇಡಬೇಕು. ಅದು ಕುಲುಮೆಯ ಹೊರಗಿರುವ ಭಾಗದಲ್ಲೇ ಇರಬೇಕು, ಮುರಿದ ಚೂರು ಒಳಗೆ ಬೀಳಬಾರದು. ಆ ಬಲ ಇಟ್ಟಿಗೆ ತಡೆಯುವುದಕ್ಕಿಂತ ಕಡಿಮೆ ಇರಲೇಬೇಕು. ಮೇಲೆ ಬರುವಾಗ ಎಲ್ಲೂ ತಗಲಿಕೊಳ್ಳದಂತೆ ಕಂಬಿಯ ದಪ್ಪ ಬದಲಾಗುವ ಮೆಟ್ಟಿಲುಗಳನ್ನು ಇಳಿಜಾರಾಗಿ ಕಡೆಯಬೇಕು. ಇಷ್ಟಾದರೂ ಬಗ್ಗಿತು ಅಂದುಕೊಳ್ಳಿ, ಸೆಲ್ ಒಳಗಿನ ಮ್ಯಾನಿಪ್ಯುಲೇಟರ್ ಎಲ್ಲಿ ಕತ್ತರಿಸುತ್ತದೆ ಎಂದು ಮೊದಲೇ ಗುರುತು ಹಾಕಿರಬೇಕು.

ಕೈಗೆ ಏನೂ ಗೊತ್ತಾಗದ ಕಾರಣ ಬಲವನ್ನು ಅಳೆಯುವ ಸೆನ್ಸರ್ ಬೇಕೇ ಬೇಕು. ಅದನ್ನು ತುದಿಯಲ್ಲಿಡದೆ ಸಾಧ್ಯವಾದಷ್ಟು ಮೇಲೆ, ಶಾಖದಿಂದ ದೂರ ಇಡುವುದು ಒಳ್ಳೆಯದು. ಒಂದೇ ಕ್ಯಾಮೆರಾದಲ್ಲಿ ಆಳ ತಿಳಿಯುವುದಿಲ್ಲ. ಎರಡು ದಿಕ್ಕಿನ ನೋಟ ಇರಲಿ, ಮತ್ತು ಕ್ಯಾಮೆರಾ ಸಾಯುತ್ತದೆ ಎಂದುಕೊಂಡೇ ಸುಲಭವಾಗಿ ಬದಲಿಸುವಂತೆ ಕೂರಿಸಿ. ಟೆಫ್ಲಾನ್ ಸೀಲ್ ಬೇಡ, ವಿಕಿರಣಕ್ಕೆ ಅದು ಬಹಳ ಬೇಗ ಬಿರುಕು ಬಿಡುತ್ತದೆ. ಪೀಕ್, ಪಾಲಿಇಮೈಡ್ ಎಂಬ ಪ್ಲಾಸ್ಟಿಕ್‌ಗಳು ತುಂಬಾ ಹೆಚ್ಚು ತಾಳುತ್ತವೆ. ಬೋಲ್ಟ್‌ಗಳು ಸಡಿಲಾದರೂ ಉದುರದ ಬಗೆಯವಾಗಿರಲಿ.

ಇನ್ನೊಂದು ವಿಷಯ ಜಾಸ್ತಿ ಜನ ಮರೆಯುತ್ತಾರೆ. ಕೆರೆದದ್ದು ಎಲ್ಲಿಗೆ ಹೋಗುತ್ತದೆ? ಕುಲುಮೆ ತಣ್ಣಗಾದ ಮೇಲೆ ಕುಟ್ಟಿ ತೆಗೆದರೆ ವಿಕಿರಣದ ಪುಡಿ ಏಳುತ್ತದೆ. ಅದನ್ನು ಹೀರಿಕೊಳ್ಳುವ ವ್ಯವಸ್ಥೆ, ತುಂಬಿದ ಫಿಲ್ಟರ್ ಬದಲಿಸುವ ದಾರಿ, ಚೂರು ತುಂಬುವ ಡಬ್ಬಿ ಇಲ್ಲದೆ ಕೆರೆಯುವ ಉಪಕರಣ ಅರ್ಧ ಉಪಕರಣ. ಜಪಾನಿನ ತೊಕಾಯ್‌ನಲ್ಲಿ ಕುಲುಮೆಯೊಳಗೆ ಉಳಿದ ಗಾಜನ್ನು ಹೀಗೆ ದೂರದಿಂದಲೇ ಯಂತ್ರದಿಂದ ತೆಗೆದಿದ್ದಾರೆ.

ಆದರೆ ಉಪಕರಣ ಮಾಡುವವರು ಮಾಡಬಹುದಾದದ್ದಕ್ಕೆ ಮಿತಿಯಿದೆ. ಮುಚ್ಚಳದಲ್ಲಿ ತೂತು ಎಲ್ಲಿದೆ, ತಳ ಯಾವ ಆಕಾರದ್ದು ಅನ್ನುವುದು ಎಷ್ಟೋ ವರ್ಷ ಮೊದಲೇ ನಿರ್ಧಾರವಾಗಿರುತ್ತದೆ. ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಕಡಿದಾದ ಇಳಿಜಾರಿನ ತಳ ಮಾಡಿದರು. 2009–10ರಲ್ಲಿ ಆ ಕುಲುಮೆ ಅಲ್ಲಿನ ದ್ರವವನ್ನೆಲ್ಲ ಗಾಜು ಮಾಡಿ ಮುಗಿಸಿತು. ತೊಕಾಯ್‌ನ ಮೂರನೇ ಕುಲುಮೆಗೆ ಹಿಂದಿನ ನಾಲ್ಕು ಮೂಲೆಯ ತಳ ಬಿಟ್ಟು ಶಂಕುವಿನಾಕಾರದ ತಳ ಕೊಟ್ಟಿದ್ದಾರೆ. ಗಸಿ ಸಲೀಸಾಗಿ ಜಾರಲಿ ಎಂಬುದು ಅದರ ಉದ್ದೇಶ. ನನಗೆ ಅದರಲ್ಲಿ ಇನ್ನೊಂದು ಲಾಭವೂ ಕಾಣುತ್ತದೆ. ನಾಲ್ಕು ಮೂಲೆಗಳಿದ್ದರೆ ಪ್ರತಿ ಮೂಲೆಗೂ ತುದಿಯನ್ನು ಬಾಗಿಸಿ ತಲುಪಿಸಬೇಕು. ಶಂಕುವಿನಲ್ಲಿ ನಡುವಿನ ತೂತಿನಿಂದ ನೇರ ಇಳಿದ ಒಂದೇ ಅಲಗು ತಿರುಗಿದರೆ ಸಾಕು, ಇಡೀ ತಳ ಸಿಗುತ್ತದೆ. ಅಲಗನ್ನು ಮಡಚಿದರೆ ಅದೇ ತೂತಿನಿಂದ ನೇರವಾಗಿ ಮೇಲೆ ಬರುತ್ತದೆ.