ಹೆಸರಿಲ್ಲದೆ ಹೊರಬಂದ ಕಾದಂಬರಿಗಳು: ಒಂದು ಅಧ್ಯಯನ ಟಿಪ್ಪಣಿ

ಹತ್ತೊಂಬತ್ತನೆಯ ಶತಮಾನದ ಎಷ್ಟೋ ಇಂಗ್ಲಿಷ್ ಕಾದಂಬರಿಗಳು ಲೇಖಕರ ಹೆಸರಿಲ್ಲದೆ ಏಕೆ ಹೊರಬಂದವು? ಮಡಿಕೇರಿಯ ನಮ್ಮ ಓದಿನ ಬಳಗದಲ್ಲಿ ಈ ಪ್ರಶ್ನೆಗೆ ಒಂದು ಸಿದ್ಧ ಉತ್ತರವಿದೆ: ‘ಆ ಕಾಲದ ಹೆಣ್ಣುಮಕ್ಕಳು ಸಮಾಜಕ್ಕೆ ಅಂಜಿ ಹೆಸರು ಮರೆಸಿಕೊಂಡರು.’ ಇಷ್ಟನ್ನೇ ಬರೆದರೆ ವಾಲ್ಟರ್ ಸ್ಕಾಟ್‌ನನ್ನು ಎಲ್ಲಿ ಕೂರಿಸುತ್ತೀರಿ? 1814ರಲ್ಲಿ ಅವನ ಮೊದಲ ಕಾದಂಬರಿ ‘ವೇವರ್ಲಿ’ ಹೆಸರಿಲ್ಲದೆ ಪ್ರಕಟವಾದಾಗ ಅವನು ಆಗಲೇ ಹೆಸರಾಂತ ಕವಿ, ಎಡಿನ್‌ಬರೋ ನ್ಯಾಯಾಲಯದ ಅಧಿಕಾರಿ. ಅಂದು ಕಾವ್ಯಕ್ಕಿದ್ದ ಮರ್ಯಾದೆ ಕಾದಂಬರಿಗೆ ಇರಲಿಲ್ಲ. ಗಳಿಸಿದ್ದ ಹೆಸರನ್ನು ಅವನು ಪಣಕ್ಕಿಡಲಿಲ್ಲ.

ಪುಸ್ತಕ ಗೆದ್ದಿತು. ಮುಂದಿನ ಕಾದಂಬರಿಗಳ ಮೇಲೆ ‘ವೇವರ್ಲಿಯ ಕರ್ತೃ’ ಎಂದು ಅಚ್ಚಾಯಿತು. ಗಮನಿಸಿ, ಇಲ್ಲಿ ಅನಾಮಿಕತೆಯೇ ಮಾರಾಟದ ಗುರುತು. 1826ರಲ್ಲಿ ಅವನ ಪ್ರಕಾಶಕರೂ ಮುದ್ರಕರೂ ದಿವಾಳಿಯಾದ ಮೇಲೆ ಗುಟ್ಟು ಉಳಿಯುವಂತಿರಲಿಲ್ಲ. ಮರುವರ್ಷ ಎಡಿನ್‌ಬರೋದ ಒಂದು ಔತಣಕೂಟದಲ್ಲಿ ಅವನೇ ಒಪ್ಪಿಕೊಂಡ.

ಜೇನ್ ಆಸ್ಟಿನ್‌ಳ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ (1811) ‘ಒಬ್ಬ ಮಹಿಳೆ’ ಬರೆದದ್ದೆಂದು ಬಂದಿತು. ಹೆಸರು ಮುಚ್ಚಿದೆ, ಹೆಣ್ಣೆಂಬುದು ಮುಚ್ಚಿಲ್ಲ. ಸಿದ್ಧ ಉತ್ತರ ಇಲ್ಲಿಯೂ ತಡವರಿಸುತ್ತದೆ. ಆ ಪುಸ್ತಕದ ನಷ್ಟದ ಹೊಣೆ ಅವಳದೇ ಆಗಿತ್ತು. 140 ಪೌಂಡ್ ಲಾಭ ಬಂದಿತು. ಆದರೆ ‘ಪ್ರೈಡ್ ಅಂಡ್ ಪ್ರೆಜುಡೀಸ್’ನ (1813) ಹಕ್ಕನ್ನು 110 ಪೌಂಡಿಗೆ ಪೂರ್ತಿ ಮಾರಿಬಿಟ್ಟಳು. ಮುಂದಿನ ಲಾಭವೆಲ್ಲ ಪ್ರಕಾಶಕನಿಗೆ. 1817ರ ಜುಲೈಯಲ್ಲಿ ಅವಳು ತೀರಿಕೊಂಡಳು. ಅದೇ ವರ್ಷದ ಕೊನೆಗೆ ಅಣ್ಣ ಹೆನ್ರಿ ಬರೆದ ಪರಿಚಯದಲ್ಲಿ ಹೆಸರು ಬಯಲಾಯಿತು.

ನನಗೆ ಹೆಚ್ಚು ಇಷ್ಟವಾದ ಪ್ರಸಂಗ ‘ಫ್ರಾಂಕನ್‌ಸ್ಟೈನ್’ನದು. 1818ರಲ್ಲಿ 500 ಪ್ರತಿಗಳು, ಲೇಖಕಿ ಮೇರಿ ಶೆಲ್ಲಿಯ ಹೆಸರಿಲ್ಲ. ಮುನ್ನುಡಿ ಮಾತ್ರ ಪತಿ ಪರ್ಸಿ ಬರೆದದ್ದು. ವಿಮರ್ಶೆ ಬರೆದ ಸ್ಕಾಟ್ ಇದು ಪರ್ಸಿಯ ಕೃತಿಯೆಂದೇ ತಿಳಿದ. ತಾನೇ ಮುಸುಕು ಹಾಕಿಕೊಂಡಿದ್ದವನಿಗೆ ಇನ್ನೊಬ್ಬರ ಮುಸುಕಿನ ಹಿಂದಿನ ಮುಖ ಕಾಣಲಿಲ್ಲ! 1823ರ ಎರಡನೆಯ ಮುದ್ರಣದಲ್ಲಿ ಮೇರಿಯ ಹೆಸರು ಬಂದಿತು.

ಅಮೆರಿಕದ ಕಾದಂಬರಿಕಾರ ನಥಾನಿಯಲ್ ಹಾಥಾರ್ನ್‌ನದು ಬೇರೆಯೇ ಕಾರಣ, ಬರೆದದ್ದರ ಬಗ್ಗೆ ನಾಚಿಕೆ. 1828ರಲ್ಲಿ ಸ್ವಂತ ಖರ್ಚಿನಲ್ಲಿ ‘ಫ್ಯಾನ್‌ಶಾ’ ಕಾದಂಬರಿಯನ್ನು ಹೆಸರಿಲ್ಲದೆ ಅಚ್ಚು ಹಾಕಿಸಿ, ಆಮೇಲೆ ಸಿಕ್ಕ ಪ್ರತಿಗಳನ್ನು ನಾಶಮಾಡಿದ.

ಹೋಲಿಕೆಗೆಂದು ಹಲವರು ನಮ್ಮ ಕೊಡಗಿನ ಗೌರಮ್ಮನವರನ್ನು ತರುತ್ತಾರೆ. ಎಚ್ಚರವಿರಲಿ: ಅವರು ಸಣ್ಣಕಥೆಗಾರ್ತಿ, ಅನಾಮಿಕರೂ ಅಲ್ಲ. ಕಥೆಗಳ ಕೆಳಗೆ ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂದು ಗಂಡನ ಹೆಸರು ಹಿಡಿದು ಸಹಿ ಹಾಕುತ್ತಿದ್ದರು. ಅದನ್ನು ಪ್ರತ್ಯೇಕವಾಗಿಯೇ ಚರ್ಚಿಸಬೇಕು.

ಥಾಮಸ್ ಹಾರ್ಡಿಯ ಮೊದಲ ಪ್ರಕಟಿತ ಕಾದಂಬರಿಯೂ (1871) ಹೆಸರಿಲ್ಲದೆಯೇ ಬಂದಿತು. ಪ್ರಕಾಶಕನಿಗೆ 75 ಪೌಂಡ್ ಅವನೇ ಕೊಟ್ಟಿದ್ದ. 1874ರಲ್ಲಿ ‘ಫಾರ್ ಫ್ರಮ್ ದ ಮ್ಯಾಡಿಂಗ್ ಕ್ರೌಡ್’ ಹೆಸರಿಲ್ಲದೆ ಧಾರಾವಾಹಿಯಾದಾಗ ಜಾರ್ಜ್ ಎಲಿಯಟ್ ಬರೆದಿರಬಹುದೆಂಬ ಊಹೆ ಹಬ್ಬಿತು. ಆ ಎಲಿಯಟ್ ಎಂಬುದೂ ಮೇರಿ ಆ್ಯನ್ ಇವಾನ್ಸ್‌ಳ ಕಾವ್ಯನಾಮ.