ಕಾರಿಲ್ಲದೆ ಎರಡು ದಿನದಲ್ಲಿ ಕೊಚ್ಚಿ ನೋಡಬಹುದಾ?

ಓದುಗರ ಪ್ರಶ್ನೆ: ನಾವು ಕೋಲಾರದವರು. ಅಮ್ಮ ಇವತ್ತಿನವರೆಗೆ ಸಮುದ್ರ ನೋಡಿಲ್ಲ. ಶನಿವಾರ, ಭಾನುವಾರ ಎರಡೇ ದಿನ ರಜೆ. ಸ್ವಂತ ಕಾರಿಲ್ಲ. ಬಾಡಿಗೆ ಕಾರಿಗೆ ಅಷ್ಟೊಂದು ದುಡ್ಡು ಹಾಕಲು ಮನಸ್ಸಿಲ್ಲ. ಕೊಚ್ಚಿಗೆ ಹೋಗೋಣ ಅಂತಿದ್ದೇವೆ. ಅಲ್ಲಿ ಓಡಾಡುವುದು ಕಷ್ಟ ಆಗುತ್ತಾ?

ಕಷ್ಟ ಆಗುವುದಿಲ್ಲ. ನಿಜ ಹೇಳಬೇಕೆಂದರೆ, ಕೊಚ್ಚಿಯಲ್ಲಿ ಕಾರು ಇದ್ದರೇ ಕಷ್ಟ ಜಾಸ್ತಿ.

ಯಾಕೆ ಅಂತ ಮೊದಲು ಹೇಳುತ್ತೇನೆ. ಕೋಲಾರಮ್ಮನ ಕೆರೆ ತುಂಬಿದೆ ಅಂದುಕೊಳ್ಳಿ. ಈ ದಡದಲ್ಲಿ ನೀವು, ಆ ದಡದಲ್ಲಿ ನೆಂಟರ ಮನೆ. ಎದುರಿಗೇ ಕಾಣುತ್ತಿದ್ದರೂ ಏರಿ ಸುತ್ತಿಕೊಂಡೇ ಹೋಗಬೇಕು. ಕೊಚ್ಚಿಯೂ ಹಾಗೇ ಇದೆ. ರೈಲು ನಿಲ್ಲುವುದು, ದೊಡ್ಡ ಅಂಗಡಿಗಳು, ಕಚೇರಿಗಳು ಇರುವುದು ಎರ್ನಾಕುಳಂ ಕಡೆ. ನೀವು ನೋಡಲು ಹೋಗುವ ಫೋರ್ಟ್ ಕೊಚ್ಚಿ ಮತ್ತು ಮಟ್ಟಾಂಚೇರಿ ಇರುವುದು ನೀರಿನ ಆಚೆ. ನಡುವೆ ವಿಲ್ಲಿಂಗ್ಡನ್ ದ್ವೀಪ. ಉತ್ತರಕ್ಕೆ ವೈಪಿನ್. ಕಾರಿನವರು ಸೇತುವೆ ಹಿಡಿದು, ದ್ವೀಪ ದಾಟಿ, ತೋಪ್ಪುಂಪಡಿ ಸುತ್ತಿಕೊಂಡು ಹೋಗಬೇಕು. ದೋಣಿ ನೆಟ್ಟಗೆ ಹೋಗುತ್ತದೆ.

ಮೊದಲ ಸಲ ಹೋದಾಗ ನಾನೂ ದಿನದ ಬಾಡಿಗೆಗೆ ಕಾರು ಮಾಡಿಕೊಂಡಿದ್ದೆ. ಮಧ್ಯಾಹ್ನ ಸೇತುವೆ ಹತ್ತಿರ ಗಾಡಿಗಳ ಸಾಲಿನಲ್ಲಿ ಸಿಕ್ಕಿಕೊಂಡೆವು. ಕಿಟಕಿಯಿಂದ ನೋಡುತ್ತಿದ್ದರೆ ದೂರದಲ್ಲಿ ಒಂದು ದೋಣಿ ಜನರನ್ನು ತುಂಬಿಕೊಂಡು ಸುಮ್ನೆ ದಾಟಿ ಹೋಯಿತು. ನಾವು ಮಟ್ಟಾಂಚೇರಿ ಮುಟ್ಟುವಷ್ಟರಲ್ಲಿ ಅರಮನೆಯ ಬಾಗಿಲು ಹಾಕುತ್ತಿದ್ದರು. ಅವತ್ತಿನಿಂದ ಆ ಊರಲ್ಲಿ ನಾನು ಕಾರು ಹತ್ತಿಲ್ಲ.

ಹೋಗುವುದು ಹೇಗೆ? ಇಲ್ಲಿ ಕೋಲಾರದವರಿಗೆ ಬೆಂಗಳೂರಿನವರಿಗಿಂತಲೂ ಒಂದು ಅನುಕೂಲ ಇದೆ. ಬೆಂಗಳೂರಿನಿಂದ ಕನ್ಯಾಕುಮಾರಿಗೆ ಹೋಗುವ ಐಲ್ಯಾಂಡ್ ಎಕ್ಸ್‌ಪ್ರೆಸ್ ಬಂಗಾರಪೇಟೆಯಲ್ಲೇ ನಿಲ್ಲುತ್ತದೆ. ಬೆಂಗಳೂರಿನ ಟ್ರಾಫಿಕ್ ಮುಟ್ಟುವ ಅಗತ್ಯವೇ ಇಲ್ಲ. ಶುಕ್ರವಾರ ಕೆಲಸ ಮುಗಿಸಿ, ಮನೆಯಲ್ಲೇ ಊಟ ಮಾಡಿ, ಕೋಲಾರದಿಂದ ಬಸ್ ಹಿಡಿದು ಬಂಗಾರಪೇಟೆಗೆ ಬನ್ನಿ. ರಾತ್ರಿ ರೈಲು ಹತ್ತಿ ಮಲಗಿದರೆ ಬೆಳಿಗ್ಗೆ ಎರ್ನಾಕುಳಂ ಟೌನ್. ಜನ ಅದನ್ನು ನಾರ್ತ್ ಸ್ಟೇಷನ್ ಅಂತಲೂ ಕರೆಯುತ್ತಾರೆ. ಭಾನುವಾರ ಸಂಜೆ ಅದೇ ಹೆಸರಿನ ರೈಲು ವಾಪಸ್ ಬರುತ್ತದೆ, ಬೆಳಗಿನ ಜಾವ ಬಂಗಾರಪೇಟೆಯಲ್ಲಿ ಇಳಿಸುತ್ತದೆ. ಸೋಮವಾರದ ಕೆಲಸಕ್ಕೂ ತೊಂದರೆ ಇಲ್ಲ.

ಟಿಕೆಟ್ ಈಗ 60 ದಿನ ಮುಂಚೆ ಸಿಗುತ್ತದೆ. ಈ ರೈಲು ಬೇಗ ತುಂಬುತ್ತದೆ, ಹಬ್ಬದ ಹೊತ್ತಲ್ಲಂತೂ ಕೇಳಲೇಬೇಡಿ. ದಿನ ಗೊತ್ತಾದ ಕೂಡಲೇ ಎರಡೂ ಕಡೆಯ ಟಿಕೆಟ್ ಒಟ್ಟಿಗೆ ತೆಗೆದುಕೊಳ್ಳಿ. ಅಮ್ಮನ ವಯಸ್ಸು ಸರಿಯಾಗಿ ಹಾಕಿ, ಕೆಳಗಿನ ಬರ್ತ್ ಕೇಳಿ. ಹತ್ತುವ ನಿಲ್ದಾಣ ಬಂಗಾರಪೇಟೆ ಎಂದೇ ಇರಲಿ. ಹೊರಡುವ ವಾರ ಸಮಯವನ್ನು ಇನ್ನೊಮ್ಮೆ ನೋಡಿಕೊಳ್ಳಿ, ಯಾಕೆಂದರೆ ವೇಳಾಪಟ್ಟಿ ಆಗಾಗ ಸ್ವಲ್ಪ ಬದಲಾಗುತ್ತದೆ.

ಆ ರೈಲಿಗೆ ಐಲ್ಯಾಂಡ್ ಎಂಬ ಹೆಸರು ಯಾಕೆ ಬಂತು ಗೊತ್ತಾ? ಮೊದಲು ಅದು ಕೊಚ್ಚಿಯ ವಿಲ್ಲಿಂಗ್ಡನ್ ದ್ವೀಪದ ಹಾರ್ಬರ್ ಟರ್ಮಿನಸ್‌ವರೆಗೆ ಹೋಗುತ್ತಿತ್ತು. ಆ ದ್ವೀಪದ ಹೆಚ್ಚಿನ ಭಾಗ ಮನುಷ್ಯರು ಮಾಡಿದ್ದು. 1920, 30ರ ದಶಕದಲ್ಲಿ ರಾಬರ್ಟ್ ಬ್ರಿಸ್ಟೋ ಎಂಬ ಎಂಜಿನಿಯರ್ ದೊಡ್ಡ ಹಡಗು ಬರಲೆಂದು ಬಂದರನ್ನು ಆಳ ಮಾಡಿಸಿದರು. ತೆಗೆದ ಹೂಳನ್ನೇ ಒಂದು ಕಡೆ ಸುರಿದು ನೆಲ ಮಾಡಿದರು. ನಮ್ಮಲ್ಲಿ ಕೆರೆ ಹೂಳೆತ್ತಿದರೆ ಹೊಲಕ್ಕೆ ಹೊಡೆಯುತ್ತೇವೆ, ಅಲ್ವಾ? ಅಲ್ಲಿ ಹೂಳಿನ ಮೇಲೆ ರೈಲ್ವೆ ಸ್ಟೇಷನ್ನೇ ಕಟ್ಟಿದರು. ಬಂಗಾರಪೇಟೆಯ ಪ್ಲಾಟ್‌ಫಾರ್ಮ್‌ನಲ್ಲಿ ಕಾಯುವಾಗ ಅಮ್ಮನಿಗೆ ಇದನ್ನು ಹೇಳಿ. ಕೆರೆಯ ಮಣ್ಣು ಕಂಡವರಿಗೆ ಇದು ತಟ್ಟನೆ ಅರ್ಥ ಆಗುತ್ತದೆ.

ಶನಿವಾರ ಬೆಳಿಗ್ಗೆ ಸ್ಟೇಷನ್‌ನಿಂದ ಹೊರಗೆ ಬಂದರೆ ಟೌನ್ ಹಾಲ್ ಮೆಟ್ರೊ ಹತ್ತಿರವೇ ಇದೆ. ಆದರೆ ಮೆಟ್ರೊ ನೇರವಾಗಿ ದೋಣಿಯ ಬಾಗಿಲಿಗೆ ಬಿಡುವುದಿಲ್ಲ, ಇಳಿದ ಮೇಲೆ ಮತ್ತೆ ನಡೆಯಬೇಕು. ಚೀಲ ಮತ್ತು ವಯಸ್ಸಾದವರು ಜೊತೆಗಿದ್ದರೆ ಆಟೋ ಮಾಡಿ. "ಹೈಕೋರ್ಟ್, ವಾಟರ್ ಮೆಟ್ರೊ" ಅಂದರೆ ಸಾಕು, ಆಚೆ ದಡಕ್ಕೆ ಹೋಗುವ ದೋಣಿ ಅಲ್ಲಿಂದಲೇ ಹೊರಡುತ್ತದೆ. ನಿಮಗೆ ತಮಿಳು ಬರುತ್ತಿದ್ದರೆ, ನಮ್ಮ ಕಡೆ ಬಹಳ ಜನಕ್ಕೆ ಬರುತ್ತದಲ್ಲ, ಅದರಲ್ಲೇ ಕೆಲಸ ಆಗುತ್ತದೆ.

ವಾಟರ್ ಮೆಟ್ರೊ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ಮುಖ್ಯವಾದದ್ದು ಅದೇ. 2023ರ ಏಪ್ರಿಲ್‌ನಲ್ಲಿ ಶುರುವಾಯಿತು. ಫೋರ್ಟ್ ಕೊಚ್ಚಿಗೆ 2024ರಲ್ಲಿ ಬಂತು, ಮಟ್ಟಾಂಚೇರಿಗೆ 2025ರಲ್ಲಿ. ಬ್ಯಾಟರಿಯಲ್ಲೂ ಓಡುವ ದೋಣಿಗಳು, ಕೊಚ್ಚಿಯ ಹಡಗುಕಟ್ಟೆಯಲ್ಲೇ ಕಟ್ಟಿದ್ದು. ದೊಡ್ಡ ದೋಣಿಯಲ್ಲಿ 100 ಜನ ಹೋಗಬಹುದು. ಸಮುದ್ರದ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಇಳಿಯುತ್ತದೆ. ಕಟ್ಟೆ ಗಟ್ಟಿಯಾಗಿ ನಿಂತಿದ್ದರೆ ದೋಣಿ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಇರುತ್ತದೆ. ಹತ್ತುವಾಗ ಕಾಲು ಎತ್ತಿ ಹಾಕಬೇಕು. ವಾಟರ್ ಮೆಟ್ರೊದಲ್ಲಿ ಕಟ್ಟೆಯೇ ತೇಲುತ್ತದೆ. ನೀರು ಏರಿದರೆ ಅದೂ ಏರುತ್ತದೆ, ಇಳಿದರೆ ಅದೂ ಇಳಿಯುತ್ತದೆ. ಹಾಗಾಗಿ ದೋಣಿಯ ನೆಲ, ಕಟ್ಟೆಯ ನೆಲ ಯಾವಾಗಲೂ ಒಂದೇ ಮಟ್ಟ. ಮಂಡಿ ನೋವಿನವರೂ ವೀಲ್‌ಚೇರ್‌ನವರೂ ಆರಾಮಾಗಿ ಒಳಗೆ ಹೋಗಬಹುದು. ಶುರುವಾದಾಗ ಟಿಕೆಟ್ 20 ರೂಪಾಯಿಯಿಂದ 40 ರೂಪಾಯಿವರೆಗೆ ಇತ್ತು. ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಮರ್ಯಾದೆಯಾಗಿ ಜನರನ್ನು ಕರೆದುಕೊಂಡು ಹೋಗುವುದನ್ನು ನೋಡಿದರೆ ನನಗೆ ಪ್ರತಿ ಸಲವೂ ಸಂತೋಷ ಆಗುತ್ತದೆ.

ಒಂದು ವಿಷಯ ನೆನಪಿಡಿ. ದೋಣಿಗೆ ಗೊತ್ತುಮಾಡಿದ ಲೆಕ್ಕಕ್ಕಿಂತ ಒಬ್ಬರನ್ನೂ ಜಾಸ್ತಿ ಹತ್ತಿಸುವುದಿಲ್ಲ. ರಜಾ ದಿನದ ಸಂಜೆ ಉದ್ದ ಕ್ಯೂ ಇರುತ್ತದೆ. ಆಗ ಕೇರಳ ಸರ್ಕಾರದ ಜಲಸಾರಿಗೆ ಇಲಾಖೆಯ ಹಳೆಯ ದೋಣಿ ಹಿಡಿಯಿರಿ. ಎರ್ನಾಕುಳಂ ಬೋಟ್ ಜೆಟ್ಟಿಯಿಂದ ಫೋರ್ಟ್ ಕೊಚ್ಚಿಗೆ ಅದು ಓಡಾಡುತ್ತದೆ. ಟಿಕೆಟ್ ಬಸ್ ಚಾರ್ಜಿಗಿಂತಲೂ ಕಡಿಮೆ. ಹತ್ತುವಾಗ ಕೈ ಹಿಡಿದುಕೊಳ್ಳಬೇಕು ಅಷ್ಟೇ. ಕಿಟಕಿಗೆ ಗಾಜಿಲ್ಲ, ಗಾಳಿ ನೇರ ಮುಖಕ್ಕೆ ಬರುತ್ತದೆ. ಶಾಲೆ ಮಕ್ಕಳು, ಮೀನು ಮಾರುವವರು, ಕೆಲಸಕ್ಕೆ ಹೋಗುವವರು, ಎಲ್ಲರೂ ಅದರಲ್ಲೇ. ಹೋಗುವಾಗ ಒಂದು, ಬರುವಾಗ ಇನ್ನೊಂದು ಹತ್ತಿದರೆ ಎರಡರ ರುಚಿಯೂ ಸಿಗುತ್ತದೆ.

ಉಳಿಯುವುದು ಎಲ್ಲಿ? ಫೋರ್ಟ್ ಕೊಚ್ಚಿಯಲ್ಲೇ. ಎರ್ನಾಕುಳಂನಲ್ಲಿ ರೂಮು ಸುಲಭವಾಗಿ ಸಿಗುತ್ತದೆ, ಸ್ಟೇಷನ್ನೂ ಹತ್ತಿರ, ಒಪ್ಪುತ್ತೇನೆ. ಆದರೆ ಫೋರ್ಟ್ ಕೊಚ್ಚಿಯ ಒಳ್ಳೆಯ ಹೊತ್ತು ಬೆಳಿಗ್ಗೆ ಆರರಿಂದ ಎಂಟು. ಆ ಹೊತ್ತಿಗೆ ಅಲ್ಲಿರಬೇಕು ಅಂದರೆ ರಾತ್ರಿ ಅಲ್ಲೇ ಮಲಗಿರಬೇಕು. ಮನೆಯ ಒಂದೆರಡು ಕೋಣೆ ಬಾಡಿಗೆಗೆ ಕೊಡುವ ಹೋಂಸ್ಟೇಗಳು ಬೇಕಾದಷ್ಟಿವೆ. ಕೆಳಗಿನ ಮಹಡಿಯ ಕೋಣೆ ಕೇಳಿ. ಡಿಸೆಂಬರ್ ಕೊನೆಯಲ್ಲಿ ಕೊಚ್ಚಿ ಕಾರ್ನಿವಲ್ ಇರುತ್ತದೆ, ರೂಮಿನ ಬೆಲೆ ಏರುತ್ತದೆ. ಎರಡು ವರ್ಷಕ್ಕೊಮ್ಮೆ ಡಿಸೆಂಬರ್‌ನಿಂದ ಕೆಲವು ತಿಂಗಳು ನಡೆಯುವ ಬಿನಾಲೆ ಕಲಾ ಪ್ರದರ್ಶನದ ಸಮಯದಲ್ಲೂ ಹಾಗೇ.

ಯಾವ ದಿನ ಏನು ನೋಡಬೇಕು ಎಂಬುದರಲ್ಲಿ ಬಹಳ ಜನ ತಪ್ಪು ಮಾಡುತ್ತಾರೆ. ಮಟ್ಟಾಂಚೇರಿಯ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ಶನಿವಾರ ಮುಚ್ಚಿರುತ್ತದೆ, ಅದು ಅವರ ವಿಶ್ರಾಂತಿಯ ದಿನ. ಹತ್ತಿರದ ಅರಮನೆಗೆ ಶುಕ್ರವಾರ ರಜೆ. ಸೇಂಟ್ ಫ್ರಾನ್ಸಿಸ್ ಚರ್ಚ್‌ನಲ್ಲಿ ಭಾನುವಾರ ಬೆಳಿಗ್ಗೆ ಪ್ರಾರ್ಥನೆ ಇರುತ್ತದೆ, ಸುಮ್ಮನೆ ನೋಡಲು ಬಂದವರು ಆ ಹೊತ್ತಲ್ಲಿ ಒಳಗೆ ಓಡಾಡುವುದು ಸರಿಯಲ್ಲ. ಹಾಗಾಗಿ ಶನಿವಾರ ಪೂರ್ತಿ ಫೋರ್ಟ್ ಕೊಚ್ಚಿ, ಭಾನುವಾರ ಮಟ್ಟಾಂಚೇರಿ. ಉಲ್ಟಾ ಮಾಡಿದರೆ ಮುಚ್ಚಿದ ಬಾಗಿಲು ನೋಡಿ ಬರಬೇಕಾಗುತ್ತದೆ.

ಶನಿವಾರ ಚೀಲ ಇಟ್ಟು, ಸ್ನಾನ ಮಾಡಿ, ಸಮುದ್ರದ ದಂಡೆಗೆ ನಡೆದುಕೊಂಡು ಹೋಗಿ. ಮೊದಲು ಕಾಣುವುದು ಚೀನೀ ಬಲೆಗಳು. ಅಲ್ಲಿ ಅವಸರ ಮಾಡಬೇಡಿ. ದೊಡ್ಡ ಮರದ ತೊಲೆಗಳು, ತುದಿಗೆ ಬಲೆ, ಹಿಂದೆ ಹಗ್ಗದಲ್ಲಿ ತೂಗುವ ಕಲ್ಲುಗಳು. ನಾಲ್ಕೈದು ಜನ ಸೇರಿ ಹಗ್ಗ ಎಳೆಯುತ್ತಾರೆ, ಕಲ್ಲಿನ ಭಾರಕ್ಕೆ ಬಲೆ ನೀರಿನಿಂದ ಮೇಲೇಳುತ್ತದೆ. ಅಮ್ಮನಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ನಮ್ಮ ಬಾವಿಗಳ ಮೇಲಿದ್ದ ಏತದ ಲೆಕ್ಕವೇ ಇದು. ಒಂದು ಕಡೆ ಭಾರ ಇಟ್ಟು ಇನ್ನೊಂದು ಕಡೆ ಎತ್ತುವುದು. ನಮ್ಮವರು ನೀರು ಎತ್ತಿದರು, ಇವರು ಮೀನು ಎತ್ತುತ್ತಾರೆ. ಫೋಟೋ ತೆಗೆಯುವಾಗ ಹಗ್ಗ ಎಳೆಯಲು ಕರೆದರೆ ಹೋಗಿ, ಆಮೇಲೆ ಸ್ವಲ್ಪ ದುಡ್ಡು ಕೊಡಿ. ಮೀನಿನ ಆದಾಯ ಒಂದರಿಂದಲೇ ಈ ಬಲೆಗಳನ್ನು ಉಳಿಸಿಕೊಳ್ಳುವುದು ಅವರಿಗೆ ಕಷ್ಟ.

ಅಲ್ಲಿಂದ ಸೇಂಟ್ ಫ್ರಾನ್ಸಿಸ್ ಚರ್ಚ್ ನಡೆಯುವಷ್ಟು ದೂರ. 1503ರಲ್ಲಿ ಪೋರ್ಚುಗೀಸರು ಕಟ್ಟಲು ಶುರು ಮಾಡಿದ ಚರ್ಚ್ ಇದ್ದ ಜಾಗ. ವಾಸ್ಕೋ ಡ ಗಾಮ 1524ರಲ್ಲಿ ಕೊಚ್ಚಿಯಲ್ಲೇ ಸತ್ತಾಗ ಇಲ್ಲೇ ಹೂಳಿದ್ದರು. ಆಮೇಲೆ ಮೂಳೆಗಳನ್ನು ಪೋರ್ಚುಗಲ್‌ಗೆ ಒಯ್ದರು. ಸಮಾಧಿಯ ಕಲ್ಲು ಇನ್ನೂ ಇದೆ. ಮಧ್ಯಾಹ್ನ ರೂಮಿಗೆ ಬಂದು ಮಲಗಿ. ಕೋಲಾರದ ಒಣ ಗಾಳಿಗೆ ಒಗ್ಗಿದ ಮೈ, ಕೊಚ್ಚಿಯ ಸೆಕೆಯಲ್ಲಿ ಬೇಗ ಸುಸ್ತಾಗುತ್ತದೆ. ಹತ್ತಿ ಬಟ್ಟೆ ಒಂದು ಜೊತೆ ಜಾಸ್ತಿ ಇರಲಿ.

ಸಂಜೆ ಒಂದೇ ಕೆಲಸ. ವೈಪಿನ್‌ಗೆ ಹೋಗುವ ರೋ-ರೋ ಹತ್ತಿ. ಲಾರಿ, ಬೈಕು, ಜನ ಎಲ್ಲವನ್ನೂ ಹೊತ್ತುಕೊಂಡು ಬಂದರಿನ ಬಾಯನ್ನು ಕೆಲವೇ ನಿಮಿಷದಲ್ಲಿ ದಾಟುವ ದೊಡ್ಡ ಚಪ್ಪಟೆ ದೋಣಿ. ನಡೆದು ಹತ್ತುವವರಿಗೆ ಕೆಲವೇ ರೂಪಾಯಿ. ಒಂದು ಕಡೆ ಹಿನ್ನೀರು, ಇನ್ನೊಂದು ಕಡೆ ತೆರೆದ ಸಮುದ್ರ. ಸೂರ್ಯ ಮುಳುಗುವ ಹೊತ್ತಿಗೆ ಹೋಗಿ ಬನ್ನಿ. ಅದೃಷ್ಟ ಇದ್ದರೆ ಡಾಲ್ಫಿನ್ ಬೆನ್ನು ಕಾಣುತ್ತದೆ. ಮೊದಲ ಸಲ ಸಮುದ್ರ ನೋಡುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಊಟದ ಬಗ್ಗೆ ಎರಡು ಮಾತು. ಹೋಟೆಲ್‌ನಲ್ಲಿ ಗುಲಾಬಿ ಬಣ್ಣದ ಬಿಸಿ ನೀರು ಇಟ್ಟರೆ ಗಾಬರಿ ಬೇಡ. ಅದು ಪದಿಮುಗಂ ಎಂಬ ಮರದ ಚಕ್ಕೆ ಹಾಕಿ ಕುದಿಸಿದ ನೀರು, ಹೊಟ್ಟೆಗೆ ಒಳ್ಳೆಯದೆಂದು ಅಲ್ಲಿ ಎಲ್ಲರೂ ಕುಡಿಯುತ್ತಾರೆ. ಅನ್ನ ದಪ್ಪ ಕೆಂಪಕ್ಕಿಯದು. ಒಗ್ಗದಿದ್ದರೆ ಬೆಳಿಗ್ಗೆ ಅಪ್ಪಂ ಅಥವಾ ಪುಟ್ಟು ಜೊತೆ ಕಡಲೆ ಸಾರು ಹೊಟ್ಟೆ ತುಂಬ ತಿನ್ನಿ. ಸಸ್ಯಾಹಾರಿಗಳಾದರೆ ಮಟ್ಟಾಂಚೇರಿಯಲ್ಲಿ ಚಿಂತೆ ಇಲ್ಲ. ಗುಜರಾತಿಗಳು, ಕೊಂಕಣಿಗರು ತಲೆತಲಾಂತರದಿಂದ ಅಲ್ಲಿದ್ದಾರೆ.

ಭಾನುವಾರ ಬೆಳಿಗ್ಗೆ ಬೇಗ ಎದ್ದು ಇನ್ನೊಮ್ಮೆ ದಂಡೆಗೆ ಹೋಗಿ ಬನ್ನಿ. ತಿಂಡಿ ಮುಗಿಸಿ ಆಟೋದಲ್ಲಿ ಮಟ್ಟಾಂಚೇರಿಗೆ ಹೊರಡಿ. ಎರಡು ಮೂರು ಕಿಲೋಮೀಟರ್ ಅಷ್ಟೇ. ಅರಮನೆಯನ್ನು ಡಚ್ ಪ್ಯಾಲೇಸ್ ಅನ್ನುತ್ತಾರೆ, ಆದರೆ 1555ರ ಹೊತ್ತಿಗೆ ಕಟ್ಟಿಸಿ ಕೊಚ್ಚಿ ರಾಜನಿಗೆ ಕೊಟ್ಟವರು ಪೋರ್ಚುಗೀಸರು. ಡಚ್ಚರು ಆಮೇಲೆ ರಿಪೇರಿ ಮಾಡಿಸಿದರು, ಹೆಸರು ಅವರದ್ದಾಯಿತು. ಹೊರಗಿನಿಂದ ಸಾಧಾರಣ ಮನೆಯಂತಿದೆ. ಒಳಗೆ ಗೋಡೆ ತುಂಬ ರಾಮಾಯಣ. ಕಥೆ ಗೊತ್ತಿರುವ ಅಮ್ಮಂದಿರು ಒಂದೊಂದು ಚಿತ್ರದ ಮುಂದೆ ನಿಂತುಬಿಡುತ್ತಾರೆ, ಅವಸರ ಮಾಡಿಸಬೇಡಿ. ಹತ್ತಿರದಲ್ಲೇ 1568ರ ಸಿನಗಾಗ್. ನೆಲಕ್ಕೆ ಚೀನಾದಿಂದ ತಂದ, ಕೈಯಲ್ಲೇ ನೀಲಿ ಚಿತ್ರ ಬರೆದ ಹೆಂಚುಗಳು. ಮಧ್ಯಾಹ್ನ ಊಟದ ಹೊತ್ತಲ್ಲಿ ಮುಚ್ಚುತ್ತಾರೆ, ಆದ್ದರಿಂದ ಹನ್ನೆರಡರೊಳಗೆ ಮುಗಿಸಿ.

ಚೆರಾಯಿ ಬೀಚ್, ಅಲಪ್ಪುಳದ ಹೌಸ್‌ಬೋಟ್ ಈ ಸಲ ಬಿಡಿ. ಎರಡೂ ದೂರ. ತುರುಕಿದರೆ ಎರಡು ದಿನವೂ ಬಸ್ಸಿನಲ್ಲೇ ಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಮಳೆ ಜೋರು, ಗಾಳಿ ಎದ್ದರೆ ದೋಣಿ ನಿಲ್ಲಿಸಬಹುದು. ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ.

ವಾಪಸ್ ಬರುವಾಗ ಒಂದೇ ಹಗುರ ಚೀಲ ಇದ್ದರೆ ಅದನ್ನು ಮಟ್ಟಾಂಚೇರಿಗೇ ತನ್ನಿ, ಅಲ್ಲಿಂದಲೇ ಹೈಕೋರ್ಟ್‌ಗೆ ವಾಟರ್ ಮೆಟ್ರೊ ಹಿಡಿಯಬಹುದು. ಜಾಸ್ತಿ ಸಾಮಾನಿದ್ದರೆ ಫೋರ್ಟ್ ಕೊಚ್ಚಿಗೆ ಹೋಗಿ ಚೀಲ ತೆಗೆದುಕೊಂಡು ಅಲ್ಲಿಂದ ದೋಣಿ ಹತ್ತಿ. ರೈಲಿಗೆ ಎರಡೂವರೆ ಗಂಟೆ ಇರುವಾಗಲೇ ಈ ದಡ ಬಿಡಿ, ಕ್ಯೂ ಇದ್ದರೂ ಎದೆ ಹೊಡೆದುಕೊಳ್ಳುವುದಿಲ್ಲ. ಮಟ್ಟಾಂಚೇರಿಯ ಅಂಗಡಿಗಳಲ್ಲಿ ಏಲಕ್ಕಿ, ಮೆಣಸು ತೂಕದ ಲೆಕ್ಕದಲ್ಲಿ ಸಿಗುತ್ತದೆ. ನೂರು ಗ್ರಾಂ ಕಟ್ಟಿಸಿಕೊಳ್ಳಿ. ಬೆಳಗಿನ ಜಾವ ಬಂಗಾರಪೇಟೆಯಲ್ಲಿ ಇಳಿದು ಕೋಲಾರದ ಮೊದಲ ಬಸ್ಸಿಗೆ ಕಾಯುವಾಗ ಚೀಲದಿಂದ ಆ ವಾಸನೆ ಬರುತ್ತಿರುತ್ತದೆ.